ಬಾಯಲ್ಲಿ ದಾರವಿಲ್ಲದ ಯಶೋಧರಾ

ಗೌರಿಬಿದನೂರಿನ ಬಸ್‌ಸ್ಟ್ಯಾಂಡ್ ಹಿಂದೆ ನಮ್ಮ ಬ್ಯೂಟಿ ಪಾರ್ಲರ್ ಇದೆ. ನಮ್ಮದು ಅಂದರೆ ಈಗ ನನ್ನೊಬ್ಬಳದು. ಜೊತೆಗಿದ್ದ ಯಶೋಧರಾ ಮೂವತ್ತಾರನೇ ವಯಸ್ಸಿನಲ್ಲಿ ಕತ್ತರಿ ಕೆಳಗಿಟ್ಟು, ಜನರ ಮನಸ್ಸು ರಿಪೇರಿ ಮಾಡುತ್ತೇನೆಂದು ಹೊರಟುಬಿಟ್ಟಳು. ಫೇಶಿಯಲ್‌ಗೆ ಅವಳಂಥ ಕೈ ಈ ತಾಲ್ಲೂಕಿನಲ್ಲೇ ಇಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು.

ದಾರದಿಂದ ಐಬ್ರೋ ಮಾಡಿಸಿಕೊಳ್ಳಲು ಕಣ್ಣು ಮುಚ್ಚಿ ಕೂತ ಹೆಂಗಸರು ಗಂಡನ ಕುಡಿತ, ಅತ್ತೆಯ ಕಾಟ, ಯಾರಿಗೂ ಹೇಳದ ಗರ್ಭಪಾತ ಎಲ್ಲವನ್ನೂ ಅವಳ ಮುಂದೆ ಸುರಿಯುತ್ತಿದ್ದರು. "ಹುಬ್ಬು ತಿದ್ದಿ ಕಳಿಸ್ಬಿಟ್ರೆ ಆಯ್ತೇನೇ ತನುಜಾ?" ಎಂದು ನನ್ನನ್ನು ಕೇಳುತ್ತಿದ್ದಳು. ಆಯ್ತು, ಇನ್ನೇನು ಮಾಡಬೇಕಿತ್ತು? ಇವಳು ದೂರಶಿಕ್ಷಣದಲ್ಲಿ ಎಂ.ಎಸ್.ಡಬ್ಲ್ಯೂ. ಓದಿದಳು. "ತಲೆಗೆ ಬಣ್ಣ ಹಚ್ಕೊಳ್ಳೋ ವಯಸ್ಸಲ್ಲಿ ಪುಸ್ತಕ ಹಿಡ್ಕೊಂಡವ್ಳೆ" ಎಂದು ಅವಳ ತಾಯಿ ಆದಿಲಕ್ಷ್ಮಮ್ಮ ಬೀದಿಗೆಲ್ಲ ಸಾರಿದರು. ಕೊನೆಗೆ ಒಂದು ಟ್ರಸ್ಟಿನ ಕೇಂದ್ರದಲ್ಲಿ ಆಪ್ತಸಮಾಲೋಚಕಿಯ ಕೆಲಸ ಸಿಕ್ಕಿತು.

ಅಲ್ಲಿಗೆ ನಗರಗೆರೆಯಿಂದ ಮೌನಿಕಾ ಎಂಬ ಬಾಣಂತಿ ಬಂದಳು. ಮಗುವನ್ನು ಎತ್ತಿಕೊಳ್ಳುವುದಿಲ್ಲ, ಗೋಡೆ ನೋಡುತ್ತ ಕೂರುತ್ತಾಳೆ ಎಂದು ಅತ್ತೆ ಓಬಳಮ್ಮ ಕರೆತಂದಿದ್ದರು. ಯಶೋಧರಾ ಏನು ಮಾಡಿದಳು? ಭಾಷಣ ಬಿಗಿದಳು. ಹಾರ್ಮೋನು, ನಿದ್ದೆ, ಉಸಿರಾಟ, ಸೊಪ್ಪು, ಧೈರ್ಯ. ಹುಡುಗಿ "ಸರಿ ಅಕ್ಕ" ಎಂದು ಎದ್ದು ಹೋದವಳು ಮತ್ತೆ ಬರಲಿಲ್ಲ, ಫೋನೂ ಎತ್ತಲಿಲ್ಲ.

ಒಂದು ಸಂಜೆ ಯಶೋಧರಾ ಪಾರ್ಲರ್‌ಗೆ ಬಂದು ಗಿರಾಕಿಯ ಕುರ್ಚಿಯಲ್ಲಿ ಕುಸಿದಳು.

"ಆ ಹುಡುಗಿ ಏನಾದ್ರೂ ಮಾಡ್ಕೊಂಬಿಡ್ತಾಳೆ ಕಣೇ. ಹೋಗೋವಾಗ ಅವಳ ಕಣ್ಣು ನೋಡ್ದೆ. ಇದು ನನ್ ಕೈಲಾಗಲ್ಲ. ನಾಳೆಯಿಂದ ಇಲ್ಲಿಗೇ ಬರ್ತೀನಿ."

ನನಗೆ ಖುಷಿಯಾಗಬೇಕಿತ್ತು. ಕೋಪ ಬಂತು.

"ಇಲ್ಲಿ ನಿನ್ನತ್ರ ಎಲ್ರೂ ಯಾಕೆ ಬಾಯಿ ಬಿಡ್ತಿದ್ರು ಗೊತ್ತೇನೇ ದಡ್ಡಿ? ದಾರದ ತುದಿ ನಿನ್ನ ಹಲ್ಲಲ್ಲಿರ್ತಿತ್ತು. ಮಾತಾಡಕ್ಕೇ ಆಗ್ತಿರ್ಲಿಲ್ಲ. ಈಗ ಬಾಯಿ ಖಾಲಿ ಇದೆ, ಅದಕ್ಕೇ ಕೊರೀತೀಯ."

ಅವಳು ಎದ್ದು ಬ್ಯಾಗು ಹೆಗಲಿಗೇರಿಸಿದಳು. ಆಮೇಲೆ, "ಬೆಳಿಗ್ಗೆ ನಗರಗೆರೆಗೆ ಹೋಗಣ, ನೀನೂ ಬಾ" ಎಂದಳು.

ಹೋದೆವು. ಮೌನಿಕಾಳನ್ನು ಏನು ಕೇಳಿದರೂ ಉತ್ತರ ಓಬಳಮ್ಮನ ಬಾಯಿಂದಲೇ ಬರುತ್ತಿತ್ತು. "ಚೆನ್ನಾಗವ್ಳೆ. ದೃಷ್ಟಿ ತೆಗ್ಸಿದೀವಿ. ಊಟ ಮಾಡ್ತಾವ್ಳೆ." ಹುಡುಗಿ ಗೋಡೆ ನೋಡುತ್ತಿದ್ದಳು. ಈ ಹೆಂಗಸು ಹೊರಗೆ ಹೋಗದೆ ಅವಳು ಮಾತಾಡುವುದಿಲ್ಲವೆಂದು ನನಗೂ ತಿಳಿಯಿತು. ಓಬಳಮ್ಮನ ಗದ್ದದ ಮೇಲೆ ನಾಲ್ಕೈದು ಬಿಳಿ ಕೂದಲು ಸೊಂಪಾಗಿ ಬೆಳೆದಿದ್ದವು.

"ಓಬಳಮ್ಮೋರೇ, ಗದ್ದದ ಕೂದ್ಲು ತೆಗ್ದುಕೊಡ್ಲಾ?"

"ದೇವುಡಾ, ಈ ವಯಸ್ಸಲ್ಲಿ ನಂಗ್ಯಾಕಮ್ಮ" ಎನ್ನುತ್ತಲೇ ಅವರು ಜಗಲಿಗೆ ಬಂದು ಗದ್ದ ಎತ್ತಿ ಕೂತರು.

"ಬಾಯಿ ಮುಚ್ಕೊಂಡಿರ್ಬೇಕು, ಇಲ್ದಿದ್ರೆ ಚರ್ಮ ಕಿತ್ತೋಗುತ್ತೆ" ಎಂದು ಹೆದರಿಸಿ, ಬ್ಯಾಗಿನಲ್ಲಿದ್ದ ದಾರ ತೆಗೆದು ಕಚ್ಚಿದೆ.

ನಾಲ್ಕು ಕೂದಲು ಮುಗಿದ ಮೇಲೆ ಇಲ್ಲದ ಕೂದಲನ್ನೂ ಹುಡುಕಿ ಕಿತ್ತೆ. ಒಳಗೆ ಯಶೋಧರಾಳ ಸದ್ದೇ ಇಲ್ಲ. ಏನಾದರೂ ಮಾತಾಡಬಾರದೇ ಇವಳು ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಕೊನೆಗೆ ಮೌನಿಕಾಳ ಸ್ವರ ಕೇಳಿಸಿತು.

"ಮಗುನ ಎತ್ಕೊಂಡ್ರೆ ಹಿತ್ಲಲ್ಲಿರೋ ನೀರಿನ ಸಂಪೊಳಕ್ಕೆ ಹಾಕ್ಬಿಡ್ತೀನೇನೋ ಅನ್ಸುತ್ತೆ ಅಕ್ಕ. ಅದಕ್ಕೇ ಮುಟ್ಟಲ್ಲ. ನಾನೇ ಅದ್ರಲ್ಲಿ ಬಿದ್ರೆ ಮಗು ಉಳ್ಕೊಳ್ಳುತ್ತೆ."

ನನ್ನ ಕೈ ನಿಂತಿತು. ಯಶೋಧರಾ ಆಗಲೂ ಏನೂ ಹೇಳಲಿಲ್ಲ. ಹುಡುಗಿ ಅತ್ತು ಮುಗಿಸುವವರೆಗೆ ಕಾದು, "ಇವತ್ತೇ ಡಾಕ್ಟ್ರ ಹತ್ರ ಹೋಗಣ, ನಾನು ಜೊತೆಗಿರ್ತೀನಿ" ಎಂದಳು, ಅಷ್ಟೇ. ಇವಳು ಇನ್ನು ಪಾರ್ಲರ್‌ಗೆ ಬರುವುದಿಲ್ಲವೆಂದು ನನಗೆ ಖಾತ್ರಿಯಾಯಿತು. ಹೊಟ್ಟೆ ಉರಿಯಿತು, ಹೆಮ್ಮೆಯೂ ಆಯಿತು.

ಓಬಳಮ್ಮ ಧಡಕ್ಕನೆ ಎದ್ದರು. ಈಗ ಊರು ಒಂದಾಗುವ ಹಾಗೆ ಕೂಗುತ್ತಾರೆ ಎಂದುಕೊಂಡು ಅಡ್ಡ ನಿಂತೆ. ಅವರು ನನ್ನನ್ನು ತಳ್ಳಿ ಹಿತ್ತಿಲಿಗೆ ಹೋದರು. ಕಬ್ಬಿಣದ ಮುಚ್ಚಳ ಬಡಿದ ಸದ್ದು ಕೇಳಿಸಿತು. ಹಿಂದಿರುಗಿ ಬಂದವರು ತೊಟ್ಟಿಲಿನಿಂದ ಮಗುವನ್ನು ಎತ್ತಿ ಸೊಸೆಯ ಮಡಿಲಲ್ಲಿಟ್ಟು, ಅವಳಿಗೆ ಮೈ ತಾಗಿಸಿ ಕೂತರು.

"ಸಂಪಿನ ಮುಚ್ಚಳಕ್ಕೆ ಬೀಗ ಹಾಕ್ದೆ ಕಣಮ್ಮ. ಎತ್ಕೊ, ನಾನಿಲ್ಲೇ ಇರ್ತೀನಿ."