ಒಂದೇ ಎಳೆಯ ಕೊಂಡಿ

ಬಟ್ಟೆ ಸೋಪಿನ ವಾಸನೆಗೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತೆ. ಕಳೆದ ಭಾನುವಾರ ಬಾಗಲಕೋಟೆಯ ನವನಗರದ ನಮ್ಮ ಮನೆಯ ಹಿತ್ತಲಲ್ಲಿ ಕಾಲೇಜಿನ ಲ್ಯಾಬ್ ಏಪ್ರನ್ ಒಗೆಯಲು ಕೂತಿದ್ದೆ. ಮಷೀನಿಗೆ ಹಾಕಿದರೆ ಅದರ ಕಲೆ ಹೋಗುವುದಿಲ್ಲ, ಕೈಯಲ್ಲೇ ತಿಕ್ಕಬೇಕು. ನೀಲಿ ಸೋಪಿನ ತುಂಡನ್ನು ಬಟ್ಟೆಗೆ ಉಜ್ಜಿದ್ದೇ ತಡ, ಬಿಸಿಲಿಗೆ ಕಾದ ಕಲ್ಲು, ನೀರು, ಸೋಪು ಎಲ್ಲ ಕೂಡಿದ ಒಂದು ವಾಸನೆ ಎದ್ದಿತು ನೋಡಿ… ನಾನು ಬಾದಾಮಿಯ ಅಗಸ್ತ್ಯ ತೀರ್ಥದ ಕೆರೆಯ ಮೆಟ್ಟಿಲ ಮೇಲಿದ್ದೆ. ಆಚೆ ಕಡೆ ನಮ್ಮ ಕೆಮಿಸ್ಟ್ರಿ ಮೇಡಮ್ ನಿರಿಗೆ ಎತ್ತಿ ಸಿಕ್ಕಿಸಿಕೊಂಡು, ತಾಮ್ರದ ಕೊಡ ಹಿಡಿದು ಕೂತಿದ್ದರು. ಅವರು ತೀರಿಕೊಂಡು ಹೆಚ್ಚು ದಿನ ಆಗಿಲ್ಲ.

ನಾನು ಹುನಗುಂದದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಅವರು ನಮಗೆ ಕಲಿಸುತ್ತಿದ್ದರು. ಊರು ಬಾದಾಮಿ. ಹುನಗುಂದದಲ್ಲಿ ಒಂದು ಕೋಣೆ ಮಾಡಿಕೊಂಡು ಒಬ್ಬರೇ ಇದ್ದರು. ಎತ್ತರದ ಒಣಕಲು ಮೈ. ಚಾಕ್‌ಪೀಸ್ ಹಿಡಿದ ಕೈಯಿಂದಲೇ ಕನ್ನಡಕ ಸರಿಮಾಡಿಕೊಳ್ಳುವ ಚಾಳಿ, ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಮೂಗೆಲ್ಲ ಬೆಳ್ಳಗೆ. ಸಿಟ್ಟೂ ಆ ಮೂಗಿನ ತುದಿಯಲ್ಲೇ ಇರುತ್ತಿತ್ತು. ಆದರೆ ಅದು ಉತ್ತರ ಗೊತ್ತಿಲ್ಲದವರ ಮೇಲಲ್ಲ, ಗಿಳಿಪಾಠ ಒಪ್ಪಿಸುವವರ ಮೇಲೆ. ಪುಸ್ತಕದ ವಾಕ್ಯವನ್ನು ಯಾರಾದರೂ ಗಡಗಡ ಹೇಳಿದರೆ, "ಅದು ಪುಸ್ತಕ ಹೇಳಿದ್ದಾತು, ನೀ ಏನಂತಿ?" ಎನ್ನುತ್ತಿದ್ದರು. ನಾವು ಪಿಳಿಪಿಳಿ ಕಣ್ಣು ಬಿಡುತ್ತಿದ್ದೆವು.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಅಪ್ಪ ಮಗ್ಗದಲ್ಲಿ, ಅವ್ವ ಕೊಂಡಿಯಲ್ಲಿ. ಇಳಕಲ್ ಸೀರೆಯ ಒಡಲಿನ ಉದ್ದೆಳೆಗಳು ಬೇರೆ, ಸೆರಗಿನ ಉದ್ದೆಳೆಗಳು ಬೇರೆ. ಎರಡನ್ನೂ ಕೂಡಿಸಲು ಒಡಲಿನ ಎಳೆಯ ಕುಣಿಕೆಯೊಳಗೆ ಸೆರಗಿನ ಎಳೆಯ ಕುಣಿಕೆ ಸಿಕ್ಕಿಸುತ್ತಾರೆ. ಅದೇ ಕೊಂಡಿ. ಸೀರೆಯ ಅಗಲಕ್ಕೂ ಹೀಗೆ ಒಂದೊಂದೇ ಎಳೆ ಹಿಡಿದು ಹಾಕುತ್ತ ಕೂತರೆ ಕಣ್ಣು, ಕುತ್ತಿಗೆ ಎರಡೂ ಹೋಗುತ್ತವೆ. ನಾನು ಅ ಆ ಇ ಈ ಕಲಿಯುವ ಮೊದಲೇ ಕೊಂಡಿ ಕಲಿತವಳು.

ಹಾಗಾಗಿ ರಾಸಾಯನಿಕ ಬಂಧದ ಪಾಠ ಬಂದಾಗ ನನಗೆ ಹಬ್ಬವೇ ಆಯಿತು. ಈ ಪರಮಾಣುವಿನದೊಂದು ಎಲೆಕ್ಟ್ರಾನ್, ಆ ಪರಮಾಣುವಿನದೊಂದು ಎಲೆಕ್ಟ್ರಾನ್, ಎರಡೂ ಜೋಡಿಯಾದರೆ ಬಂಧ. ಅಯ್ಯ, ಇದು ನಮ್ಮ ಮನೆಯ ಕೆಲಸವಲ್ಲವೇ! ಹೈಡ್ರೋಜನ್ನಿಗೆ ಒಂದು ಎಳೆ, ಹಾಗಾಗಿ ಒಂದು ಕೊಂಡಿ. ಮಾಲಿಕ್ಯುಲರ್ ಆರ್ಬಿಟಲ್ ಎಂದು ಮೇಡಮ್ ಮುಂದೆ ಏನೇನೋ ಹೇಳಿದ್ದು ನನ್ನ ತಲೆಯ ಮೇಲೆ ಹಾದುಹೋಯಿತು, ನಾನೂ ಹೋಗಲಿ ಎಂದು ಬಿಟ್ಟೆ. ಪರೀಕ್ಷೆಯಲ್ಲಿ, ಎರಡು ಹೀಲಿಯಂ ಪರಮಾಣುಗಳು ಕೂಡಿ ಅಣುವಾಗುವುದಿಲ್ಲ ಯಾಕೆ ಎಂದು ಕೇಳಿದ್ದರು. ಪ್ರಶ್ನೆಯೇ ತಪ್ಪಾಗಿ ಅಚ್ಚಾಗಿದೆ ಎಂದುಕೊಂಡೆ. ಆಗುತ್ತದೆ, ಒಂದೊಂದಕ್ಕೂ ಎರಡು ಎಲೆಕ್ಟ್ರಾನ್ ಇರುವುದರಿಂದ ಎರಡು ಬಂಧ, ಹೈಡ್ರೋಜನ್ನಿಗಿಂತ ಗಟ್ಟಿ ಎಂದು ಚಿತ್ರ ಸಮೇತ ಬರೆದು ಬಂದೆ. ಉಳಿದ ಉತ್ತರಗಳೂ ಇದೇ ಧಾಟಿಯವು. ಚಿತ್ರಗಳು ಚೆನ್ನಾಗಿದ್ದವು. ಫೇಲಾದೆ.

ಮನೆಯಲ್ಲಿ ಅಪ್ಪ ಏನೂ ಅನ್ನಲಿಲ್ಲ. ಅನ್ನುವುದು ಅವ್ವನ ಖಾತೆ.

"ಓದಿದ್ದು ಇಷ್ಟ ಸಾಕು. ಇನ್ನ ಮನ್ಯಾಗಿದ್ದು ಕೊಂಡಿ ಹಾಕು. ಇದರಾಗ ನಿನ್ನ ಯಾರೂ ಫೇಲ್ ಮಾಡಂಗಿಲ್ಲ," ಎಂದಳು.

ಕೊಂಡಿ ಹಾಕುವುದು ನನಗೆ ನಾಚಿಕೆಯ ಕೆಲಸವೇನೂ ಆಗಿರಲಿಲ್ಲ. ಆದರೆ ಕೆಮಿಸ್ಟ್ರಿ ಬಿಡಲು ನನಗೆ ಮನಸ್ಸಿರಲಿಲ್ಲ. ಚಿಕ್ಕವಳಿದ್ದಾಗ ನೂಲಿಗೆ ಬಣ್ಣ ಹಾಕುವಲ್ಲಿ ಅಪ್ಪನ ಜೊತೆ ನಿಂತು, ಬಿಳಿ ರೇಷ್ಮೆ ಕೆಂಪಾಗಿ ಮೇಲೆ ಬರುವುದನ್ನು ನೋಡಿದ್ದೆ. ಎಷ್ಟು ತೊಳೆದರೂ ಬಣ್ಣ ಬಿಡುವುದಿಲ್ಲವಲ್ಲ, ಅದು ಎಳೆಯನ್ನು ಹೇಗೆ ಹಿಡಿದುಕೊಂಡಿದೆ? ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಅದನ್ನು ತಿಳಿಯಲೇಬೇಕು ಎಂಬ ಹುಚ್ಚು ನನಗೆ ಹತ್ತಿದ್ದು ಆವತ್ತೇ. ರಾತ್ರಿಯೆಲ್ಲ ಅತ್ತು, ಮರುದಿನ ಪುಸ್ತಕ ವಾಪಸು ಕೊಡುವ ನೆಪ ಮಾಡಿ ಹುನಗುಂದದ ಬಸ್ಸು ಹತ್ತಿದೆ.

"ಹೀಲಿಯಮ್ಮಿಗೆ ಏನ್ ಬರದಿದ್ದಿ?" ಎಂದರು ಮೇಡಮ್. ಫೇಲಾದದ್ದು ಅವರಿಗೆ ಆಗಲೇ ಗೊತ್ತಿತ್ತು.

ಹೇಳಿದೆ. ಕೊಂಡಿಯ ಕಥೆಯನ್ನೂ ಹೇಳಿದೆ. ನಗುತ್ತಾರೆ ಎಂದು ತಲೆ ತಗ್ಗಿಸಿದ್ದೆ. ಅವರು ನಗಲಿಲ್ಲ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತರು.

"ಎಲಾ ಇಕಿನ! ನಾ ಹೇಳಿದ್ದು ಒಂದೂ ಕೇಳದಽ, ನಿಂದಽ ಒಂದು ಥಿಯರಿ ಕಟ್ಟೀದಿ?"

"ಇನ್ನ ನಾ ಬರಂಗಿಲ್ರಿ ಮೇಡಮ್. ಮನ್ಯಾಗ ಬ್ಯಾಡ ಅಂದಾರ," ಎಂದೆ.

ಅವರು ಕಿಟಕಿಯ ಕಡೆ ನೋಡಿದರು, ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಆಮೇಲೆ, "ನಿಮ್ಮವ್ವ ಕೊಂಡಿ ಹಾಕೂದು ನಾ ನೋಡಬೇಕಲ್ಲ. ಐತವಾರ ಬರ್ತೇನಿ," ಎಂದರು. ನನಗೆ ಸ್ವಲ್ಪ ಬೇಜಾರಾಯಿತು. ನನ್ನ ಬದುಕೇ ಮುಳುಗಿ ಹೋಗುತ್ತಿರುವಾಗ ಇವರಿಗೆ ಕೊಂಡಿ ನೋಡುವ ಚಪಲ!

ಭಾನುವಾರ ಬೆಳಿಗ್ಗೆಯೇ ಬಂದರು. ಅಮೀನಗಡದ ಕರದಂಟು ತಂದಿದ್ದರು. ಕುರ್ಚಿ ಹಾಕಿದರೆ ಬೇಡವೆಂದು ಅವ್ವನ ಪಕ್ಕ ನೆಲಕ್ಕೇ ಕೂತು, "ನನಗೂ ಕಲಸ್ರಿ ಅವ್ವಾರ," ಎಂದರು. ಅವ್ವನಿಗೆ ಸಂಕೋಚ. "ಅಯ್ಯ, ಬಾಯಾರ, ನಿಮಗ್ಯಾಕ ಬೇಕ್ರಿ ಈ ಉಸಾಬರಿ!" ಎನ್ನುತ್ತಲೇ ತೋರಿಸಿದಳು. ಮೇಡಮ್ ಕೈಗೆ ಆ ರೇಷ್ಮೆ ಎಳೆ ಸಿಕ್ಕರೆ ತಾನೆ? ಒಂದು ಹಿಡಿದರೆ ಇನ್ನೊಂದು ಜಾರುತ್ತಿತ್ತು. ಲ್ಯಾಬಿನಲ್ಲಿ ಹನಿ ಹನಿ ಲೆಕ್ಕದಲ್ಲಿ ದ್ರಾವಣ ಇಳಿಸುವ ಕೈ ಇಲ್ಲಿ ತಡವರಿಸುವುದನ್ನು ನೋಡಿ ನನಗೆ ಒಳಗೊಳಗೇ ನಗು. ಅವ್ವ ನನ್ನನ್ನು ಚಹಾಕ್ಕೆ ಹಾಲು ತರಲು ಕಳಿಸಿದಳು. ತಂದ ಮೇಲೆ, ಜೋಳ ಬೀಸಿಸಿಕೊಂಡು ಬಾ ಎಂದು ಗಿರಣಿಗೆ ಅಟ್ಟಿದಳು. ಗಿರಣಿಯಲ್ಲಿ ಕರೆಂಟಿರಲಿಲ್ಲ. ಕಾದು ಕಾದು ಬರುವಷ್ಟರಲ್ಲಿ ಹೊತ್ತಾಗಿತ್ತು. ಮೇಡಮ್ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ನಾಳೆ ಕ್ಲಾಸ್ ಐತಿ," ಎಂದಷ್ಟೇ ಹೇಳಿ ಹೋದರು. ನಾನು ಅವ್ವನ ಮುಖ ನೋಡಿದೆ. "ಹೋಗು. ಇನ್ನೊಂದ್ಸಲ ನೋಡು," ಎಂದಳು. ರಾತ್ರಿಯೆಲ್ಲ ಅತ್ತಿದ್ದು ಅವಳ ಕಿವಿಗೆ ಬಿದ್ದು ಕರುಳು ಚುರುಕ್ ಅಂದಿರಬೇಕು ಎಂದುಕೊಂಡೆ.

ಮರುದಿನ ಕ್ಲಾಸು ಮುಗಿದ ಮೇಲೆ ಮೇಡಮ್ ಒಂದು ಬಾಂಬು ಹಾಕಿದರು.

"ನಿನ್ನ ಕೊಂಡಿ ಛಲೋ ಐತಿ. ಹೈಡ್ರೋಜನ್ನಿಗೆ ನಡಿತೈತಿ. ಹೀಲಿಯಮ್ಮಿನ ಮುಂದ ಹರಿತೈತಿ, ಅದು ಇರಲಿ. ಈಗ ಹೈಡ್ರೋಜನ್ ಅಣುವಿನ್ಯಾಗಿಂದ ಒಂದು ಎಲೆಕ್ಟ್ರಾನ್ ತಗದು ಒಗಿ. ಉಳದದ್ದು ಒಂದಽ. ಕೊಂಡಿ ಬಿಚ್ಚಬೇಕೋ ಬ್ಯಾಡೋ?"

"ಬಿಚ್ಚಬೇಕ್ರಿ."

"ಬಿಚ್ಚಂಗಿಲ್ಲ. ಹಿಡಿತ ಸಡ್ಲ ಆಕ್ಕತಿ, ಆದ್ರ ಎರಡೂ ಕೂಡಽ ಇರ್ತಾವ. ಯಾಕ?"

ಒಂದೇ ಎಳೆಯ ಕೊಂಡಿ! ಬಸ್ಸಿನಲ್ಲಿ ಅದೇ, ಊಟಕ್ಕೆ ಕೂತರೆ ಅದೇ. ಅವ್ವನನ್ನು ಕೇಳಿದರೆ, "ಒಂದಽ ಎಳಿ ಇದ್ರ ಯಾವುದರಾಗ ಸಿಗಸ್ತಿ? ಹುಚ್ಚು ಹಿಡದೈತಿ ನಿನಗೂ, ನಿಮ್ಮ ಬಾಯಾರಿಗೂ," ಎಂದು ಮೂಗು ಮುರಿದಳು. ಪುಸ್ತಕದಲ್ಲಿ ಉತ್ತರವಿತ್ತು. ಓದಿದೆ. ಓದಿದ್ದು ಬಾಯಿಗೆ ಬಂತು, ಬುದ್ಧಿಗೆ ಬರಲಿಲ್ಲ. ಹೋಗಿ ಒಪ್ಪಿಸಿದರೆ ಮೇಡಮ್ ಏನು ಕೇಳುತ್ತಾರೆಂಬುದು ನನಗೆ ಗೊತ್ತಿದ್ದದ್ದೇ. ಅದಕ್ಕೇ ಹೋಗಿ, "ತಿಳಿವಲ್ದರಿ," ಎಂದು ನಿಂತೆ. "ಹಂಗಾರ ಬಾದಾಮಿಗೆ ಬಾ," ಎಂದರು.

ರಜೆಯಲ್ಲಿ ಹೋದೆ. ಪರೀಕ್ಷೆ ಹತ್ತಿರವಿತ್ತು. ಅವರ ಮನೆಯಿಂದ ಎರಡು ತಾಮ್ರದ ಕೊಡ ಹಿಡಿದುಕೊಂಡು ಅಗಸ್ತ್ಯ ತೀರ್ಥಕ್ಕೆ ನಡೆದೆವು. ಮೆಟ್ಟಿಲ ತುಂಬ ಬಟ್ಟೆ ಒಗೆಯುವ ಹೆಂಗಸರು, ಎದುರಿನ ಕೆಂಪು ಗುಡ್ಡಕ್ಕೆ ಬಡಿದು ಮರಳಿ ಬರುವ ಬಟ್ಟೆಯ ಸಪ್ಪಳ, ಸೋಪಿನ ವಾಸನೆ. ಜನವಿಲ್ಲದ ಒಂದು ಮೂಲೆ ಹುಡುಕಿ ನನ್ನನ್ನು ಒಂದು ಕಡೆ ಕೂರಿಸಿ, ತಾವು ಸ್ವಲ್ಪ ದೂರ ಹೋಗಿ ಕೂತರು.

"ನಾ ಅದ್ದಿದಾಗ ನೀ ಅದ್ದು, ನಾ ಎತ್ತಿದಾಗ ನೀ ಎತ್ತು. ತಾಳ ತಪ್ಪಬಾರದು ಮತ್ತ!"

ಇಬ್ಬರೂ ಕೊಡದ ತಳವನ್ನು ನೀರಿಗೆ ಅದ್ದಿ ಎತ್ತತೊಡಗಿದೆವು. ಎರಡೂ ಕಡೆಯಿಂದ ಅಲೆಗಳು ಹೊರಟು ನಡುವೆ ಕೂಡಿದವು. ಕೂಡಿದಲ್ಲಿ ನೀರು ಜೋರಾಗಿ ಏಳುತ್ತಿತ್ತು, ಬೀಳುತ್ತಿತ್ತು. "ಈಗ ನಾ ಅದ್ದಿದಾಗ ನೀ ಎತ್ತು," ಎಂದು ಕೂಗಿದರು. ತಾಳ ಸಿಗಲು ತುಸು ಹೊತ್ತು ಹಿಡಿಯಿತು. ಸಿಕ್ಕ ಮೇಲೆ ನೋಡುತ್ತೇನೆ, ನಮ್ಮಿಬ್ಬರ ನಟ್ಟನಡುವೆ ನೀರು ಸುಮ್ಮನಾಗಿತ್ತು! ಆಚೆ ಅಲೆ, ಈಚೆ ಅಲೆ, ನಡುವೆ ಏನೂ ಇಲ್ಲ. ಬಟ್ಟೆ ಒಗೆಯುತ್ತಿದ್ದ ಅಜ್ಜಿಯೊಬ್ಬಳು ಕೆಲಸ ಬಿಟ್ಟು ನಮ್ಮನ್ನೇ ನೋಡುತ್ತಿದ್ದಳು.

"ಏನವ್ವಾ, ನೀರೂ ತುಂಬವಲ್ರಿ, ಬಟ್ಟೀನೂ ಒಗೀವಲ್ರಿ, ಏನ್ ಮಾಡಾಕತ್ತೀರಿ?"

"ಪರೀಕ್ಷಾಕ್ಕ ಓದಾಕತ್ತೇವಿ ಬೇ," ಎಂದರು ಮೇಡಮ್, ಕೊಡ ನಿಲ್ಲಿಸದೆ.

ಆಮೇಲೆ ಒದ್ದೆ ಮೆಟ್ಟಿಲ ಮೇಲೆ ಕೂತು ಹೇಳಿದರು. ಪರಮಾಣುವಿನಲ್ಲಿ ಎಲೆಕ್ಟ್ರಾನ್ ಎಳೆಯ ಹಾಗಿಲ್ಲ, ಅಲೆಯ ಹಾಗಿದೆ. ಎರಡು ಪರಮಾಣು ಹತ್ತಿರ ಬಂದರೆ ಎರಡರ ಅಲೆಗಳೂ ಕೂಡಿ ಎಲೆಕ್ಟ್ರಾನ್ ಇರಲು ಎರಡು ಹೊಸ ಮನೆಗಳಾಗುತ್ತವೆ. ಒಂದರಲ್ಲಿ ನಡುವೆ ತುಂಬಿರುತ್ತದೆ, ಇನ್ನೊಂದರಲ್ಲಿ ನಡುವೆ ಬರಿದು. ಎರಡೂ ಇಡೀ ಅಣುವಿನವು, ಇವನದು ಅವನದು ಎಂಬುದಿಲ್ಲ. "ತುಂಬಿದ ಮನ್ಯಾಗ ಒಂದಽ ಎಲೆಕ್ಟ್ರಾನ್ ಇದ್ರೂ ಸಾಕು. ಅದು ಹೆಚ್ಚು ಹೊತ್ತು ನಡುವಽ ಇರ್ತೈತಿ, ಎರಡೂ ಕಡಿ ನ್ಯೂಕ್ಲಿಯಸ್ಸು ಅದರ ಕಡೆ ಜಗ್ಗತಾವ. ಸಿಗಿಸಾಕ ಇನ್ನೊಂದು ಎಳಿ ಯಾಕ ಬೇಕು?"

ನಾನು ತಟ್ಟನೆ ಎದ್ದು ನಿಂತೆ. "ಹಂಗಾರ ಹೀಲಿಯಮ್ಮಿಂದು ನಾಕು ಎಲೆಕ್ಟ್ರಾನ್ರಿ ಮೇಡಮ್! ತುಂಬಿದ ಮನ್ಯಾಗ ಎರಡಽ ಹಿಡಿತಾವ. ಉಳಿದ ಎರಡು ನಡುವ ಬರಿದಾದ ಮನಿಗೆ ಹೋಗಬೇಕು. ಅವು ಕೂಡಸಿದ್ದನ್ನ ಇವು ಬಿಡಸ್ತಾವ!"

ಅವರು ಕನ್ನಡಕ ತೆಗೆದು, ಒದ್ದೆ ಸೆರಗಿನಲ್ಲಿ ಒರೆಸಿ, ಇನ್ನಷ್ಟು ಮಂಜು ಮಾಡಿ ಹಾಕಿಕೊಂಡರು. ಆ ಮುಖ… ಹೇಗೆ ಹೇಳಲಿ. ನನ್ನ ಜೀವನದಲ್ಲಿ ನನ್ನಿಂದ ಯಾರೂ ಅಷ್ಟು ಖುಷಿಪಟ್ಟದ್ದು ನನಗೆ ನೆನಪಿಲ್ಲ.

ಪರೀಕ್ಷೆಯಲ್ಲಿ ಆ ಸಲ ಹೀಲಿಯಂ ಬರಲಿಲ್ಲ. ಆಕ್ಸಿಜನ್ ಬಂತು. ದ್ರವ ಆಕ್ಸಿಜನ್ನು ಅಯಸ್ಕಾಂತಕ್ಕೆ ಯಾಕೆ ಅಂಟಿಕೊಳ್ಳುತ್ತದೆ? ಕೊಂಡಿ ಲೆಕ್ಕದಲ್ಲಿ ಎಲ್ಲ ಎಲೆಕ್ಟ್ರಾನೂ ಜೋಡಿ ಜೋಡಿ, ಅಂಟಬಾರದು. ನಾನು ಕಣ್ಣು ಮುಚ್ಚಿ ನೀರು ನೆನೆಸಿಕೊಂಡೆ. ಕೆಳಗಿನಿಂದ ಒಂದೊಂದೇ ಮನೆ ತುಂಬುತ್ತ ಹೋದೆ. ಕೊನೆಯ ಎರಡು ಎಲೆಕ್ಟ್ರಾನಿಗೆ ಒಂದೇ ಎತ್ತರದ ಎರಡು ಮನೆ ಸಿಕ್ಕವು. ಬೇರೆ ಬೇರೆ ಮನೆಯಿರುವಾಗ ಅವು ಒಂದೇ ಕಡೆ ಯಾಕೆ ಇಕ್ಕಟ್ಟಿನಲ್ಲಿ ಇರುತ್ತವೆ? ಒಂದೊಂದರಲ್ಲಿ ಒಂದೊಂದು ಒಂಟಿಯಾಗಿ ಕೂತವು. ಆ ಒಂಟಿಗಳಿಂದಲೇ ಅಯಸ್ಕಾಂತದ ಸೆಳೆತ.

ಪಾಸಾದೆ. ಧಾರವಾಡದಲ್ಲಿ ಎಂ.ಎಸ್ಸಿ. ಮಾಡಿದೆ. ಈಗ ಬಾಗಲಕೋಟೆಯಲ್ಲಿ ಅದೇ ಪಾಠ ಹೇಳುತ್ತೇನೆ. ಹೊಸ ಹುಡುಗಿಯರಿಗೆ ನಾನು ಹೇಳುವುದರಲ್ಲಿ ಸರಿಯಾದ ಒಂದು ಮಾತಿದ್ದರೆ ಅದು ಅವರಿಂದ ಬಂದದ್ದು. ಇದನ್ನು ಅವರೆದುರೇ ಹೇಳಿದ್ದೆ, "ಸಾಕು, ಉಬ್ಬಸಬ್ಯಾಡ," ಎಂದು ಬೈಸಿಕೊಂಡಿದ್ದೆ. ನಿವೃತ್ತಿಯಾಗಿ ಬಾದಾಮಿಗೆ ಮರಳಿದ ಮೇಲೂ ಆಗಾಗ ಫೋನು ಮಾಡುತ್ತಿದ್ದರು. ಕಾಯಿಲೆಯ ಸುದ್ದಿ ಮಾತ್ರ ಎತ್ತುತ್ತಿರಲಿಲ್ಲ. ಹೋದ ಸುದ್ದಿ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ಬಾದಾಮಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು…

ಕಳೆದ ಭಾನುವಾರ ಏಪ್ರನ್ ಹಿಂಡಿ ಹಾಕಿ ಒಳಗೆ ಬಂದೆ. ಅವ್ವ ಈಗ ನನ್ನ ಜೊತೆಯಲ್ಲೇ ಇದ್ದಾಳೆ. ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದಳು. ನನ್ನ ಕಣ್ಣು ನೋಡಿದಳು.

"ಬಾಯಾರ ನೆನಪಾತನ?"

ತಲೆಯಾಡಿಸಿದೆ. ಅವ್ವ ಬಿಡಿಸಿದ ಸೊಪ್ಪನ್ನು ಬುಟ್ಟಿಗೆ ಹಾಕಿದಳು.

"ಆವತ್ತ ನಮ್ಮ ಮನಿಗೆ ಬಂದಿದ್ರಲ್ಲ, ಅವರು ಹಾಕಿದ ಕೊಂಡಿ ಒಂದೂ ನಿಲ್ಲಲಿಲ್ಲ. ಹೋದ ಮ್ಯಾಲ ಎಲ್ಲಾ ಬಿಚ್ಚಿ ನಾನಽ ಹಾಕಿದೆ. ಕೊಂಡಿ ಕಲಿಯಾಕ ಬಂದಾರ ಅಂತ ತಿಳದಿದ್ದಿಯೇನ ನೀ?"

"ಮತ್ಯಾಕ ಬಂದಿದ್ರು?"

"ನಿನ್ನ ಕಾಲೇಜಿಗೆ ಕಳಸ್ರಿ ಅಂತ ಕೇಳಾಕ. ಅದಕ್ಕಽ ನಿನ್ನ ಗಿರಣಿಗೆ ಕಳಸಿದ್ದೆ. ನಾ ಖಡಕ್ಕಾಗಿ ಹೇಳಿದೆ, ಹುಡುಗಿಗೆ ಬರಂಗಿಲ್ಲರಿ, ಬಿಡಸ್ತೇವಿ ಅಂತ. ನಿಮ್ಮಪ್ಪನೂ ಹೂಂ ಅಂದಿದ್ದ. ಅವರು ತಲಿ ಎತ್ತಲಿಲ್ಲ, ಆ ಎಳಿ ಹಿಡ್ಕೊಂಡಽ ಅಂದ್ರು, 'ಬರಂಗಿಲ್ಲ ಅಂತ ನಾ ಹೇಳಿದ ದಿನ ಬಿಡಸ್ರಿ ಅವ್ವಾರ. ನಾ ಇನ್ನೂ ಹೇಳಿಲ್ಲ.'"

ನಾನು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತೆ. ಇಷ್ಟು ವರ್ಷ ಅವ್ವನ ಕರುಳು ಕರಗಿಸಿದ್ದು ನನ್ನ ಅಳು ಎಂದುಕೊಂಡಿದ್ದೆನಲ್ಲ…

"ಆಮ್ಯಾಲ ಯಾವಾಗರ ಹೇಳಿದ್ರನ?" ಎಂದು ಕೇಳಿದೆ.

"ಇಲ್ಲವಾ," ಎಂದಳು ಅವ್ವ. "ಹೇಳಲಿಲ್ಲ."