ಕುದಿಸಿ ಆರಿಸಿದ ನೀರು

ನಮ್ಮ ಬೀದಿಯಲ್ಲಿ ನೀರಣ್ಣನಿಗಿದ್ದ ಗತ್ತು ಎಂಥ ದೊಡ್ಡ ಅಧಿಕಾರಿಗೂ ಇರಲಿಲ್ಲ. ಆತ ನೀರು ಸರಬರಾಜು ಕಚೇರಿಯ ವಾಲ್ವ್‌ಮನ್. ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಹೆಗಲಿಗೇರಿಸಿಕೊಂಡು ಬಂದು, ಮೂಲೆಯ ಗುಂಡಿಯ ಮುಚ್ಚಳ ಸರಿಸಿ, ಚಾವಿ ಇಳಿಬಿಟ್ಟು ತಿರುಗಿಸಿದನೆಂದರೆ ಬೀದಿಯ ನಲ್ಲಿಗಳೆಲ್ಲ ಕೆಮ್ಮಿ, ಗೊರಗುಟ್ಟಿ, ಕೊನೆಗೆ ನೀರು ಕಾರುತ್ತಿದ್ದವು. ಮಳೆ, ಕೆರೆ, ಪಂಪು ಇವಕ್ಕೆಲ್ಲ ಈ ಕೆಲಸದಲ್ಲಿ ಏನೋ ಸಣ್ಣಪುಟ್ಟ ಪಾಲಿದೆಯೆಂದು ಆತ ಒಪ್ಪುತ್ತಿದ್ದ, ಅಷ್ಟೆ. "ನಿನ್ನೆ ನಿಮ್ಮ ಕಡೆಗೆ ಸ್ವಲ್ಪ ಜಾಸ್ತೀನೇ ಬಿಟ್ಟಿದ್ದೆ" ಎನ್ನುವಾಗ ದನಿಯಲ್ಲಿ ಸ್ವಂತ ಹಸುವಿನ ಹಾಲು ಹಂಚಿದವನ ಔದಾರ್ಯವಿರುತ್ತಿತ್ತು.

ದೂರುಗಳಿಗೆಲ್ಲ ಆತನಲ್ಲಿ ಒಂದೇ ಉತ್ತರ. ನೀರು ಕೆಂಪಗಿದೆಯೇ? "ಕುದಿಸಿ ಆರಿಸಿ ಕುಡೀರಿ." ವಾಸನೆಯೇ? "ಕುದಿಸಿ ಆರಿಸಿ ಕುಡೀರಿ." ಎರಡು ದಿನದಿಂದ ನೀರೇ ಬಂದಿಲ್ಲವೆಂದು ಗೋಳಾಡಿದ ಮುದುಕಿಗೂ ಅಭ್ಯಾಸಬಲದಿಂದ ಇದನ್ನೇ ಹೇಳಿದನೆಂದು ಪ್ರತೀತಿ.

ಮಗಳ ಮದುವೆಯಾದ ಮೇಲೆ ಮನೆ ಬಿಕೋ ಎನ್ನುತ್ತದೆಂದು ಆತನ ಹೆಂಡತಿ ಒಂದು ಗಾಜಿನ ತೊಟ್ಟಿಯನ್ನೂ ಅದಕ್ಕೊಂದು ಗೋಲ್ಡ್‌ಫಿಶ್ಶನ್ನೂ ತಂದು ನಡುಮನೆಯಲ್ಲಿಟ್ಟಳು. ಹೆಸರು ಬಂಗಾರಿ. ನೀರಣ್ಣ ಮೊದಲು ಮೂಗು ಮುರಿದ. ಆಮೇಲೆ, ಬಾಗಿಲು ತೆರೆದ ಸದ್ದಿಗೆ ಮೀನು ಬಾಲ ಕುಣಿಸುತ್ತ ಗಾಜಿನ ಬಳಿ ಬರುವುದನ್ನು ಕಂಡು, "ನೋಡೇ, ನೀರು ಕೊಡೋನು ಯಾರು ಅಂತ ಅದಕ್ಕೂ ಗೊತ್ತು" ಎಂದು ಮೆತ್ತಗಾದ.

ಈ ಬಂಗಾರಿ ಒಂದು ದಿನ ರೆಕ್ಕೆ ಮುದುರಿಕೊಂಡು ತೊಟ್ಟಿಯ ತಳದಲ್ಲಿ ಕೂತುಬಿಟ್ಟಿತು. ಬಾಗಿಲು ಸದ್ದಾದರೂ ಏಳಲಿಲ್ಲ.

ಸಾಕುವ ಮೀನು ಮಾರುವ ಅಂಗಡಿಯವನು ತಾನೇ ಬೋರ್ಡಿನಲ್ಲಿ 'ಮೀನಿನ ಡಾಕ್ಟರ್' ಎಂದು ಬರೆಸಿಕೊಂಡಿದ್ದ. ಬಿಳಿ ಕೋಟು ಬೇರೆ. ನೀರಣ್ಣ ಬಾಟಲಿಯಲ್ಲಿ ತಂದ ತೊಟ್ಟಿಯ ನೀರನ್ನು ಆತ ಬೆರಳುದ್ದದ ಗಾಜಿನ ಕೊಳವೆಗೆ ಸುರಿದು, ಔಷಧಿಯ ಹನಿ ಹಾಕಿ, ಕುಲುಕಿ, ಶಸ್ತ್ರಚಿಕಿತ್ಸೆ ಮಾಡಿದವನ ಮುಖದಲ್ಲಿ ಕಾದ. ನೀರು ಕೆಂಪಾಯಿತು. ಬಣ್ಣದ ಪಟ್ಟಿಯ ಪಕ್ಕಕ್ಕೆ ಹಿಡಿದು, "ನೈಟ್ರೇಟ್" ಎಂದ.

"ಅಂದ್ರೆ?"

"ಮೀನು ತಿಂದು ಬಿಟ್ಟಿದ್ದು, ಹೊಟ್ಟೆಯಿಂದ ಬಿಟ್ಟಿದ್ದು ಎಲ್ಲಾ ಕೊಳೆತು ಕಡೆಗೆ ಇದಾಗುತ್ತೆ. ಕಣ್ಣಿಗೆ ಕಾಣಲ್ಲ, ಮೂಗಿಗೆ ಗೊತ್ತಾಗಲ್ಲ. ಹಳದಿ ಇದ್ರೆ ಒಳ್ಳೇದು, ಕೆಂಪಾದಷ್ಟೂ ಕಷ್ಟ. ಮೇವು ಕಮ್ಮಿ ಮಾಡಿ, ಕಾಲುಭಾಗ ನೀರು ತೆಗೆದು ಹೊಸ ನೀರು ಹಾಕ್ತಾ ಬನ್ನಿ. ತಾನೇ ಇಳಿಯುತ್ತೆ."

"ನೀರು ತಾನೇ?" ನೀರಣ್ಣ ನಕ್ಕ. "ಯಾರಿಗೆ ಹೇಳ್ತಿದೀಯ ಗೊತ್ತೇನಯ್ಯ? ಇಡೀ ಊರಿಗೆ ಬಿಡೋನು ನಾನು!"

ಮನೆಯಲ್ಲಿ ಬಕೆಟ್ಟುಗಳ ಮೆರವಣಿಗೆ ಶುರುವಾಯಿತು. ಕಾಲುಭಾಗ ಬದಲಾಯಿಸಿ, ಬಾಟಲಿಯಲ್ಲಿ ಅಂಗಡಿಗೆ ಒಯ್ದು ನೋಡಿಸಿದ, ಬಣ್ಣ ಇಳಿಯಲಿಲ್ಲ. ಅರ್ಧ ಬದಲಾಯಿಸಿದ, ಇಳಿಯಲಿಲ್ಲ. ಮೇವು ನಿಲ್ಲಿಸಿದ. "ಅದರ ಹೊಟ್ಟೆ ಮೇಲೆ ಹೊಡೆದ್ರೆ ನೀರು ಶುದ್ಧ ಆಗುತ್ತಾ?" ಎಂದು ಹೆಂಡತಿ ಕೇಳಿದಳು. "ಮಗಳ ಮದುವೇಲೂ ಇಷ್ಟು ಓಡಾಡಿರ್ಲಿಲ್ಲ ನೀವು." ಮೀನು ಮಾತ್ರ ಬಾಯಿ ತೆರೆದು ಮುಚ್ಚಿ, ತೆರೆದು ಮುಚ್ಚಿ ಮಾಡುತ್ತ ಅದೇ ಮೂಲೆಯಲ್ಲಿ ಕೂತಿತ್ತು.

ಕೊನೆಗೆ ನೀರಣ್ಣ ತನ್ನ ಇಡೀ ಸೇವಾವಧಿಯ ಜ್ಞಾನವನ್ನು ಪ್ರಯೋಗಿಸಿದ. ದೊಡ್ಡ ಪಾತ್ರೆಯಲ್ಲಿ ನೀರಿಟ್ಟು, ಅರ್ಧಕ್ಕರ್ಧ ಇಂಗುವ ತನಕ ಕುದಿಸಿ, ಆರಿಸಿ, ತೊಟ್ಟಿಗೆ ಹೊಯ್ದ. "ನಮಗೆ ಸ್ನಾನಕ್ಕೇ ಬಿಸಿನೀರಿಲ್ಲ" ಎಂಬ ಟೀಕೆಯನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮರುದಿನ ಕೊಳವೆಯಲ್ಲಿ ಬಂದ ಬಣ್ಣಕ್ಕೆ ಪಟ್ಟಿಯಲ್ಲಿ ಜಾಗವೇ ಇರಲಿಲ್ಲ, ಅಷ್ಟು ಕೆಂಪು.

"ಕುದಿಸಿದ್ರಾ!" ಮೀನಿನ ಡಾಕ್ಟರ್ ಹೊಟ್ಟೆ ಹಿಡಿದು ನಕ್ಕ. "ಉಪ್ಪುನೀರು ಕುದಿಸಿದ್ರೆ ಉಪ್ಪು ಹೋಗುತ್ತಾ ಅಣ್ಣಾ? ನೀರು ಆವಿಯಾಗುತ್ತೆ, ಇದು ಅಲ್ಲೇ ಕೂತು ಇನ್ನೂ ಗಟ್ಟಿಯಾಗುತ್ತೆ. ತಡೀರಿ, ನಿಮ್ಮ ನಲ್ಲಿ ನೀರನ್ನೇ ನೋಡೋಣ."

ಅಂಗಡಿಯ ನಲ್ಲಿಯಿಂದಲೇ ಹಿಡಿದ. ಅದೂ ಕೆಂಪು.

"ನಿನ್ನ ಔಷಧಿ ಹಳೇದು" ಎಂದ ನೀರಣ್ಣ.

ಡಾಕ್ಟರ್ ತಾನು ಕುಡಿಯಲು ಇಟ್ಟುಕೊಂಡಿದ್ದ ಕ್ಯಾನಿನ ನೀರಿಗೆ ಅದೇ ಔಷಧಿ ಹಾಕಿ ತೋರಿಸಿದ. ನಿಂಬೆಹಣ್ಣಿನಂಥ ಹಳದಿ. ಎರಡು ಕೊಳವೆಗಳನ್ನೂ ಅಕ್ಕಪಕ್ಕ ಹಿಡಿದ.

"ಹೊಲದ ಗೊಬ್ಬರ ಇಳಿದಿರುತ್ತೆ, ಈಗ ಊರಿಗೆ ನೀರು ಕೊಡೋ ಹೊಸ ಬೋರ್‌ವೆಲ್ಲಿಗೆ" ಎಂದ ಡಾಕ್ಟರ್, ಈಗ ನಗದೆ. "ಮೀನಿಗೆ ಕ್ಯಾನ್ ನೀರು ಬೆರೆಸಿ, ಚೇತರಿಸಿಕೊಳ್ಳುತ್ತೆ. ದೊಡ್ಡೋರಿಗೆ ಅಂಥಾದ್ದೇನಾಗಲ್ಲ. ಬಾಟಲಿ ಹಾಲು ಕುಡಿಯೋ ಎಳೆಕೂಸಿದ್ರೆ ಮಾತ್ರ ಈ ನೀರಲ್ಲಿ ಕಲಸಬಾರದು ಅಂತಾರೆ. ರಕ್ತ ಉಸಿರು ಹೊರೋದನ್ನ ಬಿಟ್ಟುಬಿಡುತ್ತಂತೆ. ತುಟಿ ನೀಲಿ ಆಗುತ್ತಂತೆ."

ನೀರಣ್ಣನಿಗೆ ಬೀದಿಯ ಟೈಲರ್ ಮನೆ ನೆನಪಾಯಿತು. ಟೈಲರ್ ಸೊಸೆಗೆ ಹಾಲು ಸಾಲದೆ, ಎರಡು ತಿಂಗಳ ಮಗುವಿಗೆ ಪುಡಿ ಹಾಲು ಕಲಸಿ ಕುಡಿಸುತ್ತಿದ್ದರು. ಹೋದ ವಾರವಷ್ಟೇ ಟೈಲರ್ ಹೆಂಡತಿ ನೀರಿನ ಬಗ್ಗೆ ಕೇಳಿದ್ದಳು. ಏನು ಹೇಳಿದ್ದನೆಂದು ಬೇರೆ ಹೇಳಬೇಕಾಗಿಲ್ಲ.

ಮೊದಲು ಇಂಜಿನಿಯರ್ ಬಳಿ ಓಡಿದ. ಮೇಜಿನ ಮುಂದೆ ನಿಂತು ಕೆಂಪು, ಹಳದಿ ಎಲ್ಲ ವಿವರಿಸಿದ.

"ಮೀನಿನ ಅಂಗಡಿಯವನು ಹೇಳಿದ ಅಂತ ಊರಿಗೆ ನೀರು ನಿಲ್ಲಿಸ್ಲಾ?" ಎಂದರು ಇಂಜಿನಿಯರ್. "ಕೆರೆ ತಳ ಕಂಡಿದೆ. ಆ ಹೊಸ ಬೋರ್‌ವೆಲ್ ಒಂದೇ ದಿಕ್ಕು. ಸ್ಯಾಂಪಲ್ ಲ್ಯಾಬಿಗೆ ಕಳಿಸ್ತೀನಿ, ವರದಿ ಬರಲಿ."

"ಅಲ್ಲೀ ತನಕ ಸಾರ್?"

"ಅಲ್ಲೀ ತನಕ ನೀರು ಬಿಡು. ಬಿಡದಿದ್ರೆ ಬೆಳಿಗ್ಗೆ ನಿನ್ನ ಮನೆ ಮುಂದೆ ಬಿಂದಿಗೆ ಹಿಡ್ಕೊಂಡು ನಿಲ್ತಾರೆ."

ಅದು ನಿಜವಾಗಿತ್ತು. ಅದೇ ತೊಂದರೆ.

ಟೈಲರ್ ಮನೆಯಲ್ಲಿ ನೀರಣ್ಣನ ಮಾತು ಮುಗಿಯುವ ಮೊದಲೇ ಟೈಲರ್ ಹೆಂಡತಿ ಕೈ ಅಡ್ಡ ಹಿಡಿದಳು. "ನೀವು ಹೇಳಿದ ಮೇಲೆ ಇಪ್ಪತ್ತು ನಿಮಿಷ ಕುದಿಸ್ತಿದೀನಣ್ಣ. ಮೊದಲು ಐದೇ ನಿಮಿಷ ಕುದಿಸ್ತಿದ್ದೆ."

"ಕುದಿಸಬೇಡಿ ತಾಯಿ! ಕುದಿಸಿದ್ರೆ ಇನ್ನೂ ಜಾಸ್ತಿ ಆಗುತ್ತೆ."

"ಹೋದ ವಾರ ಕುದಿಸಿ ಅಂದ್ರಿ, ಈ ವಾರ ಬೇಡ ಅಂತೀರಿ."

"ಕ್ಯಾನ್ ನೀರು ತಗೊಳ್ಳಿ. ಮಗೂಗೆ ಮಾತ್ರ. ನಮ್ಮ ಮೀನಿಗೂ ಅದನ್ನೇ ಹಾಕ್ತೀನಿ."

ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ನಿಂತಿತು. "ಹಾಗನ್ನಿ!" ಎಂದ ಟೈಲರ್. "ಕ್ಯಾನಿನವನು ಎಷ್ಟು ಕಮಿಷನ್ ಕೊಡ್ತಾನೆ? ಮೀನಿಗೇ ಕ್ಯಾನ್ ನೀರು ಹಾಕೋ ಮನೆ ನಿಮ್ದು. ಆ ಶೋಕಿ ನಮಗ್ಯಾಕೆ ಬಿಡಿ."

ಸೊಸೆ ಮಾತ್ರ ಬಾಗಿಲ ಮರೆಯಿಂದ ಆತನ ಮುಖವನ್ನೇ ನೋಡುತ್ತಿದ್ದಳು. ಏನೋ ಕೇಳಲು ಬಾಯಿ ತೆರೆದಳು. ಅತ್ತೆ ತಿರುಗಿ ನೋಡಿದ್ದಕ್ಕೆ ಒಳಗೆ ಸರಿದಳು.

ಸಂಜೆ ನೀರಣ್ಣ ತಾನೇ ಒಂದು ಕ್ಯಾನು ಕೊಂಡು, ಹೊತ್ತುಕೊಂಡು ಹೋಗಿ ಅವರ ಮೆಟ್ಟಿಲ ಮೇಲಿಟ್ಟ. "ದುಡ್ಡು ಬೇಡ, ಮಗೂಗೆ" ಎಂದು ಒಳಕ್ಕೆ ಕೂಗಿ ಹೇಳಿದ. ಬೀದಿಯವರು ನೋಡಿ ನಕ್ಕರು.

ಬೆಳಿಗ್ಗೆ ವಾಲ್ವ್ ತಿರುಗಿಸಿದ. ತಿರುಗಿಸದೆ ವಿಧಿಯಿರಲಿಲ್ಲ, ನಲ್ಲಿಗಳ ಮುಂದೆ ಬಿಂದಿಗೆಗಳು ಸಾಲುಗಟ್ಟಿದ್ದವು. ಆಮೇಲೆ ಟೈಲರ್ ಮನೆಯತ್ತ ನಡೆದ. ಮೆಟ್ಟಿಲ ಮೇಲೆ ಕ್ಯಾನಿರಲಿಲ್ಲ. ಜೀವ ಬಂದಂತಾಯಿತು.

"ಬನ್ನಿ ನೀರಣ್ಣ, ಬನ್ನಿ!" ಟೈಲರ್ ಎಂದಿಲ್ಲದ ವಿಶ್ವಾಸದಿಂದ ಕರೆದ. ಕ್ಯಾನು ಇಸ್ತ್ರಿ ಮೇಜಿನ ಪಕ್ಕದಲ್ಲಿತ್ತು. ಆತ ಅದರಿಂದ ಅಂಗೈಗೆ ನೀರು ಬಗ್ಗಿಸಿಕೊಂಡು ಬಿಳಿ ಅಂಗಿಯ ಮೇಲೆ ಚಿಮುಕಿಸುತ್ತಿದ್ದ. "ನಿನ್ನೆ ಏನೋ ಅಂದೆ, ಮನಸಲ್ಲಿಟ್ಕೋಬೇಡಿ. ಒಳ್ಳೇ ನೀರು. ನಲ್ಲಿ ನೀರಲ್ಲಿ ಬಟ್ಟೆ ಮೇಲೆ ಬಿಳೀ ಕಲೆ ಉಳೀತಿತ್ತು. ಈಗ ನೋಡಿ!"

"ಮಗೂಗೆ..."

"ಮಗು ಚೆನ್ನಾಗೇ ಇದೆ. ಕೇಳಿ, ಎಷ್ಟು ಜೋರಾಗಿ ಅಳ್ತಿದೆ."

ಮಗು ಅಳುತ್ತಲೇ ಇತ್ತು. ಒಳಗೆ ಯಾರೋ ಬಾಟಲಿ ಕುಲುಕಿದರು. ಅಳು ನಿಂತಿತು. ಅಡುಗೆಮನೆಯ ಹೊಗೆಗತ್ತಲಲ್ಲಿ ಸೊಸೆಯ ಬೆನ್ನು ಕಾಣುತ್ತಿತ್ತು, ಅವಳ ತೋಳಿನಾಚೆ ಪುಟ್ಟ ತಲೆಯೊಂದು. ನೀರಣ್ಣ ಕತ್ತು ನೀಡಿದ. ತುಟಿಯ ಬಣ್ಣ ಕಾಣಲಿಲ್ಲ. ಇನ್ನಷ್ಟು ಬಗ್ಗಿದ.

"ಏನಾದ್ರೂ ಬೇಕಿತ್ತಾ?" ಎಂದು ಟೈಲರ್ ಇಸ್ತ್ರಿ ನಿಲ್ಲಿಸಿ ಕೇಳಿದ.

ನೀರಣ್ಣ ಮಗುವಿನ ಮುಖ ಕಾಣಲೆಂದು ಒಂದು ಹೆಜ್ಜೆ ಒಳಗಿಟ್ಟ. ಅಷ್ಟರಲ್ಲಿ ಮುಂದಿನ ಬೀದಿಯಿಂದ ಯಾರೋ ಕೂಗಿದರು: "ನೀರಣ್ಣಾ, ನಮ್ಮ ಕಡೆಗೆ ಇನ್ನೂ ಬಂದಿಲ್ಲ, ಬೇಗ ಬಿಡಪ್ಪ!"