ಸರ್ ಪುಸ್ತಕದಾಗ ನಮ್ಮಪ್ಪನ ಇಷ್ಟಲಿಂಗ

ಬೈಯಬಾರದು ಅಂತ ಕುಂತೇನಿ, ಆದ್ರ ಬಾಯಿ ಸುಮ್ಮನಿರೂದಿಲ್ಲ. ಗೋಕಾಕದಾಗ ನಮಗ ಮನಃಶಾಸ್ತ್ರ ಕಲಿಸಿದ ಸರ್ ಮ್ಯಾಲ ನನಗ ದೇವರಷ್ಟ ನಂಬಿಕಿ ಇತ್ತು. ಮನೋವಿಶ್ಲೇಷಣೆ ಶುರು ಮಾಡಿದ ವಿಯೆನ್ನಾದ ಆ ಗಡ್ಡದ ಡಾಕ್ಟರನ ಸುದ್ದಿ ತೆಗೆದ್ರಂದ್ರ ತಾಸು ಮುಗಿದದ್ದ ಗೊತ್ತಾಗತಿರಲಿಲ್ಲ. ಅವ ಮೊದಲ ಸಮ್ಮೋಹನ ಮಾಡಿ ನೋಡಿದ್ನಂತ. ಆಮ್ಯಾಲ ಅದನ್ನ ಬಿಟ್ಟು, ರೋಗಿನ್ನ ಮಲಗಿಸಿ, ತಲಿ ಹಿಂದ ಕುಂತು, ಮನಸ್ಸಿಗೆ ಬಂದದ್ದೆಲ್ಲಾ ಹೇಳ್ರಿ ಅಂದ. ಮುಪ್ಪಿನಾಗ ದವಡಿ ಕ್ಯಾನ್ಸರ್ ಇಟಗೊಂಡು ನಾಜಿಗಳ ಕಾಟಕ್ಕ ಊರು ಬಿಡಬೇಕಾತು ಅಂತ ಹೇಳೂಮುಂದ ಸರ್ ಕಣ್ಣಾಗ ನೀರು. ರೋಗಿಗಳ ಹೆಸರು ಬದಲಿಸಿ ಪುಸ್ತಕ ಬರದ ಅಂತನೂ ಹೇಳಿದ್ರು. ಅವರನ್ನ ಕೇಳಿ ಬರದನೇನ್ರಿ ಅಂತ ಅವತ್ತ ಕೇಳಬೇಕಿತ್ತು, ಕೇಳಲಿಲ್ಲ.

ಅಪ್ಪ ಹೋದ ಮ್ಯಾಲ ನನಗ ನಿದ್ದಿ ಹತ್ತದಂಗಾತು. ಸರ್ ತಮ್ಮ ಪಡಸಾಲ್ಯಾಗ ನನ್ನ ಆರಾಮ ಕುರ್ಚಿಮ್ಯಾಲ ಕೂಡ್ರಿಸಿ, ತಾವು ಹಿಂದ ಕುಂತು, ಇಲ್ಲಿ ಹೇಳಿದ್ದು ಇಲ್ಲೇ ಇರತೈತಿ ಅಂದ್ರು. ಯಾರಿಗೂ ಹೇಳಲಾರದ್ದನ್ನ ಹೇಳಿದೆ. ದವಾಖಾನ್ಯಾಗ ಸ್ಕ್ಯಾನ್ ಮಾಡೂಮುಂದ ಅಪ್ಪನ ಕೊಳ್ಳಾಗಿನ ಇಷ್ಟಲಿಂಗ ತಗಸಿದ್ರು. ಅಪ್ಪ ಅದನ್ನ ನನ್ನ ಕೈಯಾಗ ಕೊಟ್ಟ. ಕರ್ಚೀಪಿನ್ಯಾಗ ಕಟ್ಟಿಕೊಂಡೆ, ಔಷಧಕ್ಕ ಓಡ್ಯಾಡೂದ್ರಾಗ ಎಲ್ಲೋ ಕಳಕೊಂಡೆ. ಗುರು ಕೊಟ್ಟ ಲಿಂಗ ಅದು, ಜೀವ ಇರೂಮಟ ಮೈಮ್ಯಾಲಿಂದ ಅಗಲಬಾರದ್ದು. ಇಲ್ಲೇ ಕೊಂಡ್ರ ಗುರುತಿನವ್ರು ನೋಡ್ಯಾರು ಅಂತ ಹುಕ್ಕೇರಿ ಬಜಾರಕ್ಕ ಹೋಗಿ ಬ್ಯಾರೇದು ತಂದು ಅಪ್ಪನ ಕೊಳ್ಳಾಗ ಕಟ್ಟಿದೆ. ಮರುದಿನ ಅಪ್ಪ ಹೋದ. ನಮ್ಮೂರು ಮೇಲವಂಕ್ಯಾಗ ಮಣ್ಣು ಮಾಡೂಮುಂದ ಸ್ವಾಮಿಗಳು ಆ ಬಜಾರದ ಲಿಂಗಾನ ಅಪ್ಪನ ಅಂಗೈಯಾಗ ಇಟ್ರು. ಅವ್ವ ಅದಕ್ಕ ಹಣಿ ಹಚ್ಚಿ ಅತ್ಲು. ಅವ್ವಗ ಇದು ಎಂದೂ ಗೊತ್ತಾಗಬಾರದು, ಅಷ್ಟ ನನಗ ಬೇಕಾಗಿತ್ತು.

ಹ್ವಾದ ವರ್ಷ ಮೂಡಲಗ್ಯಾಗ ಸರ್ ಪುಸ್ತಕ ಬಿಡುಗಡಿ ಆತು, ಆ ಡಾಕ್ಟರನ ಜೀವನ. ಒಂದು ಪ್ರತಿ ನನ್ನ ಕೈಯಾಗಿಟ್ಟು, ನಿಮ್ಮ ಅವ್ವಾರಿಗೂ ಓದಿ ಹೇಳವಾ ಅಂದ್ರು. ಅವ್ವಗ ಓದಾಕ ಬರೂದಿಲ್ಲ. ನಮ್ಮ ಸರ್ ಪುಸ್ತಕ ಅಂತ ಹೆಮ್ಮಿಲೆ ದಿನಾ ಮಧ್ಯಾಹ್ನ ಒಂದೊಂದು ಅಧ್ಯಾಯ ಓದಿ ಹೇಳಿದೆ. ಕಡೀ ಅಧ್ಯಾಯದಾಗ ಸರ್ ತಮ್ಮ ಹಂತ್ಯಾಕ ಬಂದ ನಮ್ಮ ಕಡಿ ಮಂದಿ ಸುದ್ದಿ ಬರದಿದ್ರು. ಹೆಸರು ಬದಲಿಸಿದ್ರು, ಊರು ಕಣಗಲಾ ಅಂತ ಹಾಕಿದ್ರು. ಎರಡು ಸಾಲು ಓದೂದ್ರಾಗ ದವಾಖಾನಿ ಬಂತು, ಕರ್ಚೀಪು ಬಂತು. ನಾ ಓದೂದು ನಿಲ್ಲಿಸಿದೆ. ಅವ್ವ ಓದು ಅಂದ್ಲು. ಬ್ಯಾರೆ ಏನರ ಹೇಳಿ ದಾಟಬಹುದಿತ್ತು, ಸುಡಗಾಡು ತಲಿಗೆ ಹೊಳೀಲಿಲ್ಲ, ಇದ್ದದ್ದು ಇದ್ದಂಗ ಓದಿದೆ. ಹಣಿ ಹಚ್ಚಿ ಅತ್ತದ್ದನ್ನೂ ಸರ್ ಬಿಟ್ಟಿದ್ದಿಲ್ಲ.

ಹಿತ್ತಲಕ್ಕ ಹೋಗಿ ಸರ್‌ಗ ಫೋನ್ ಹಚ್ಚಿದೆ. ಹೆಸರು ಬದಲಿಸೇನಲ್ಲ, ಶಾಸ್ತ್ರ ಬೆಳೀಬೇಕಂದ್ರ ಹಿಂಗ ಬರೀಬೇಕಾಗತೈತಿ, ಆ ಡಾಕ್ಟರನೂ ಹಂಗ ಬರದ ಅಂದ್ರು.

“ಹೆಸರು ನಂದಲ್ಲ ಖರೆ. ಸತ್ತಾಂವ ನಮ್ಮಪ್ಪ ಅಲ್ಲೇನ್ರಿ?” ಅಂದೆ.

ಸರ್ ಫೋನ್ ಇಟ್ರು. ನಂಬಿಸಿ ಕುತ್ತಿಗಿ ಕೊಯ್ಯೂದಂದ್ರ ಇದ.

ಒಳಗ ಬಂದ್ರ ಅವ್ವ ಪುಸ್ತಕ ತೊಡಿಮ್ಯಾಲ ಇಟಗೊಂಡು ಕುಂತಿದ್ಲು. ಲಿಂಗ ಕಳದದ್ದಕ್ಕ ಬೈತಾಳ ಅಂತ ಹೋಗಿ ಕಾಲ ಹಿಡದೆ. ಬೈಲಿಲ್ಲ.

“ನಿಮ್ಮ ಸರ್‌ಗ ಹೇಳಿದಿ,” ಅಂದ್ಲು. “ನಿನಗ ನಿದ್ದಿ ಇಲ್ಲಂತ ನಾ ದಿನಾ ನಿನ್ನ ಬಾಜೂಕ ಮಲಗತಿದ್ನಲ್ಲ.”

ಅವತ್ತಿನಿಂದ ಅವ್ವ ನನ್ನ ಮುಂದ ಅಪ್ಪನ ಸುದ್ದಿ ತೆಗೆದಿಲ್ಲ.